ಕಣ್ಣಿಲ್ಲ, ಕಾಲಿಲ್ಲ, ವಿಳಾಸ ಸಿಕ್ಕಿದ್ದು ಹೇಗೆ?



ಕಳೆದ ತಿಂಗಳು ನನ್ನ ಅಕ್ಕ ಮತ್ತು ಅವರ ಮಗಳು ನಮ್ಮ ಮನೆಗೆ ಬಂದು ಹತ್ತು ದಿನ ಉಳಿದರು. ಅಕ್ಕನಿಗೆ ಮೂತ್ರದಲ್ಲಿ ಉರಿ, ಜೊತೆಗೆ ಸಣ್ಣ ಜ್ವರ. ನಮ್ಮಲ್ಲಿ ಬಹಳಷ್ಟು ಹೆಂಗಸರಿಗೆ ಈ ತೊಂದರೆ ಇರುತ್ತದೆ, ಆದರೆ ಬಾಯಿ ಬಿಟ್ಟು ಹೇಳುವವರು ಕಡಿಮೆ. ಅಕ್ಕನೂ ಹೇಳಿರಲಿಲ್ಲ. ತಮ್ಮ ಊರಿನ ಮೆಡಿಕಲ್‌ನಿಂದ ಯಾವುದೋ ಮಾತ್ರೆ ತರಿಸಿಕೊಂಡು ಎರಡು ದಿನ ನುಂಗಿದ್ದರು. ಉರಿ ಕಡಿಮೆಯಾಯಿತೆಂದು ಉಳಿದ ಮಾತ್ರೆಗಳನ್ನು ಡಬ್ಬದಲ್ಲಿ ಎತ್ತಿಟ್ಟಿದ್ದರು. ತಿಂಗಳಾದ ಮೇಲೆ ಉರಿ ಮತ್ತೆ ಶುರುವಾದಾಗ ಅದೇ ಡಬ್ಬ ಹೊರಬಂತು. ಈ ಸಲ ಮಾತ್ರೆ ಕೇಳಲಿಲ್ಲ. ನಮ್ಮೂರಿನ ಡಾಕ್ಟರಮ್ಮನ ಬಳಿ ಕರೆದುಕೊಂಡು ಹೋದೆ. ಅವರು ಮೂತ್ರದ ಕಲ್ಚರ್ ಪರೀಕ್ಷೆ ಬರೆದುಕೊಟ್ಟರು.

ಮೂರನೆಯ ದಿನ ರಿಪೋರ್ಟ್ ಬಂತು. ಮೇಲ್ಭಾಗದಲ್ಲಿ ಒಂದು ಹೆಸರು: ಇ. ಕೋಲೈ. ಕೆಳಗೆ ಔಷಧಿಗಳ ಉದ್ದನೆಯ ಪಟ್ಟಿ. ಪ್ರತಿಯೊಂದರ ಮುಂದೆ 'ಎಸ್' ಅಥವಾ 'ಆರ್' ಎಂಬ ಅಕ್ಷರ. 'ಎಸ್' ಎಂದರೆ ಆ ಔಷಧಿಗೆ ಈ ಬ್ಯಾಕ್ಟೀರಿಯಾ ಬಗ್ಗುತ್ತದೆ, 'ಆರ್' ಎಂದರೆ ಬಗ್ಗುವುದಿಲ್ಲ. ಟೆಟ್ರಾಸೈಕ್ಲಿನ್ ಎಂಬ ಹೆಸರಿನ ಮುಂದೆ 'ಆರ್' ಇತ್ತು. ಇನ್ನೂ ಮೂರು ನಾಲ್ಕು ಕಡೆ ಅದೇ ಅಕ್ಷರ.

ಅಕ್ಕನ ಮಗಳು ದ್ವಿತೀಯ ಪಿಯುಸಿ, ವಿಜ್ಞಾನ ವಿಭಾಗ. ರಿಪೋರ್ಟ್ ನೋಡಿದವಳೇ, "ಖಾಲಾ, ಇದು ನಮ್ಮ ಪಾಠದಲ್ಲಿರುವ ಇ. ಕೋಲೈ!" ಎಂದಳು. ಒಳಗೆ ಹೋಗಿ ಜೀವಶಾಸ್ತ್ರದ ಪುಸ್ತಕ ತಂದು 'ಲ್ಯಾಕ್ ಒಪೆರಾನ್' ಎಂಬ ಚಿತ್ರವನ್ನು ನನ್ನ ಮುಂದೆ ಬಿಡಿಸಿಟ್ಟಳು. ಒಂದು ಉದ್ದನೆಯ ಪಟ್ಟಿ. ಅದು ಡಿಎನ್‌ಎ. ಅದರ ಮೇಲೆ ಒಂದು ಉಂಡೆ ಕುಳಿತಿದೆ. ಅದು ರಿಪ್ರೆಸರ್, ಅಂದರೆ ತಡೆಯುವ ಪ್ರೋಟೀನ್.

"ರಿಪ್ರೆಸರ್ ಹೋಗಿ ಆಪರೇಟರ್ ಎಂಬ ಜಾಗದಲ್ಲಿ ಕುಳಿತುಕೊಳ್ಳುತ್ತದೆ ಅಂತ ಬರೆದಿದ್ದಾರೆ. ಹೋಗಿ ಅಂದರೆ ಹೇಗೆ ಖಾಲಾ? ಅದಕ್ಕೆ ಕಣ್ಣಿಲ್ಲ, ಕಾಲಿಲ್ಲ, ಬುದ್ಧಿಯೂ ಇಲ್ಲ. ಅಷ್ಟು ಉದ್ದದ ಡಿಎನ್‌ಎಯಲ್ಲಿ ತನ್ನ ಜಾಗ ಇದೇ ಎಂದು ಅದಕ್ಕೆ ಹೇಗೆ ಗೊತ್ತಾಗುತ್ತದೆ? ಕ್ಲಾಸಿನಲ್ಲಿ ಕೇಳಿದೆ. ಪರೀಕ್ಷೆಗೆ ಬರುವುದಿಲ್ಲ, ಕೂತ್ಕೋ ಎಂದರು."

ನನ್ನ ಓದು ಮದ್ರಸದ್ದು, ಆಮೇಲೆ ಬಿ.ಎ. ವಿಜ್ಞಾನ ಎಸ್ಸೆಸ್ಸೆಲ್ಸಿಗೇ ಮುಗಿದಿತ್ತು. ಆದರೆ ಕೇಳಿದ ಮಗುವನ್ನು 'ಕೂತ್ಕೋ' ಎಂದು ಕೂರಿಸುವುದು ಮಾತ್ರ ಶಿಕ್ಷಕಿಯಾದ ನನಗೆ ಸಹಿಸಲಾಗದು. ರಾತ್ರಿ ಊಟದ ನಂತರ ಇಬ್ಬರೂ ಕೂತು ಓದತೊಡಗಿದೆವು. ಹತ್ತು ದಿನಗಳಲ್ಲಿ ನಮಗೆ ತಿಳಿದದ್ದನ್ನು ನಿಮ್ಮ ಮುಂದಿಡುತ್ತಿದ್ದೇನೆ.

ಮೊದಲು ಇ. ಕೋಲೈ ಬಗ್ಗೆ ಒಂದು ಮಾತು. 1885ರಲ್ಲಿ ಥಿಯೋಡರ್ ಎಶ್ಚೆರಿಶ್ ಎಂಬ ಮಕ್ಕಳ ವೈದ್ಯರು ಹಸುಗೂಸುಗಳ ಮಲದಲ್ಲಿ ಇದನ್ನು ಗುರುತಿಸಿದರು. ಅವರ ಹೆಸರಿನ ಮೊದಲಕ್ಷರವೇ 'ಇ'. ಅದು ನನ್ನ, ನಿಮ್ಮ, ಎಲ್ಲರ ಕರುಳಿನಲ್ಲೂ ಇದೆ. ಅಲ್ಲಿರುವ ತನಕ ಹೆಚ್ಚಿನ ತಳಿಗಳಿಂದ ತೊಂದರೆಯಿಲ್ಲ, 'ಕೆ' ವಿಟಮಿನ್ ತಯಾರಿಸುವ ಉಪಕಾರವೂ ಇದೆ. ತನ್ನ ಮನೆ ಬಿಟ್ಟು ಮೂತ್ರನಾಳಕ್ಕೆ ಬಂದಾಗ ರಗಳೆ. ಮೂತ್ರದ ಸೋಂಕುಗಳಲ್ಲಿ ಹೆಚ್ಚಿನವಕ್ಕೆ ಇದೇ ಕಾರಣ.

ಇದರ ಉದ್ದ ಒಂದು ಮಿಲಿಮೀಟರಿನ ಐನೂರನೆಯ ಒಂದು ಪಾಲು. ಇಷ್ಟು ಸಣ್ಣ ಜೀವಿಯೊಳಗಿರುವ ಡಿಎನ್‌ಎಯನ್ನು ಬಿಡಿಸಿ ನೇರಗೊಳಿಸಿದರೆ ಎಷ್ಟು ಉದ್ದವಾಗುತ್ತದೆ ಗೊತ್ತೇ? ಸುಮಾರು ಒಂದೂವರೆ ಮಿಲಿಮೀಟರ್! ಅಂದರೆ ತನಗಿಂತ 700 ಪಟ್ಟಿಗೂ ಹೆಚ್ಚು ಉದ್ದದ ನೂಲನ್ನು ಅದು ತನ್ನೊಳಗೆ ಮಡಚಿ, ಸುತ್ತಿ ಇಟ್ಟುಕೊಂಡಿದೆ. ಆ ನೂಲಿನ ಮೇಲೆ ಸುಮಾರು 46 ಲಕ್ಷ ಅಕ್ಷರ ಜೋಡಿಗಳು. ಅಕ್ಷರಗಳು ನಾಲ್ಕೇ. ಅವೇ ಹಿಂದುಮುಂದಾಗಿ ಬರುತ್ತವೆ.

ಇಂತಹ ಲೆಕ್ಕ ನನ್ನ ತಲೆಗೆ ಹತ್ತುವುದಿಲ್ಲ. ಹಾಗಾಗಿ ಎಲ್ಲವನ್ನೂ ಇಪ್ಪತ್ತು ಲಕ್ಷ ಪಟ್ಟು ದೊಡ್ಡದು ಮಾಡಿ ನೋಡಿದೆವು. ಆಗ ಬ್ಯಾಕ್ಟೀರಿಯಾ ನಾಲ್ಕು ಮೀಟರ್ ಉದ್ದ, ಎರಡು ಮೀಟರ್ ಅಗಲದ ಒಂದು ಕೋಣೆಯಾಗುತ್ತದೆ. ಡಿಎನ್‌ಎ, ನಾವು ಬಟ್ಟೆ ಒಣಗಿಸಲು ಕಟ್ಟುವ ಹಗ್ಗದಷ್ಟು ದಪ್ಪ, ನಾಲ್ಕು ಮಿಲಿಮೀಟರ್. ಆದರೆ ಉದ್ದ ಮೂರು ಕಿಲೋಮೀಟರ್! ಎರಡು ತುದಿಗಳೂ ಸೇರಿ ಒಂದೇ ಬಳೆಯಂತಾಗಿರುವ ಮೂರು ಕಿಲೋಮೀಟರ್ ಹಗ್ಗ ಆ ಕೋಣೆಯೊಳಗೆ ಗೋಜಲಾಗಿ ಬಿದ್ದಿದೆ. ರಿಪ್ರೆಸರ್ ಎಂಬ ಪ್ರೋಟೀನ್ ಎರಡು ಮೂರು ಸೆಂಟಿಮೀಟರಿನ ಬಟ್ಟೆ ಕ್ಲಿಪ್ಪು. ಇಡೀ ಕೋಣೆಯಲ್ಲಿ ಇಂತಹ ಕ್ಲಿಪ್ಪುಗಳು ಸುಮಾರು ಹತ್ತು ಮಾತ್ರ. ಈ ಕ್ಲಿಪ್ಪು ಕಚ್ಚಿಕೊಳ್ಳಬೇಕಾದ ಜಾಗ ಒಂದೂವರೆ ಸೆಂಟಿಮೀಟರ್ ಕೂಡ ಇಲ್ಲ. ಕೋಣೆಯಾದರೂ ಖಾಲಿಯೇ? ನಿಕಾಹ್‌ನ ಹಿಂದಿನ ರಾತ್ರಿ ನೆಂಟರೆಲ್ಲ ಬಂದಿಳಿದ ಮನೆಯಂತೆ ಬೇರೆ ಪ್ರೋಟೀನುಗಳು ಕಿಕ್ಕಿರಿದಿವೆ. ಮೇಲಾಗಿ ಬೆಳಕಿಲ್ಲ.

ಮದ್ರಸದಲ್ಲಿ ಅರಬಿ ನಿಘಂಟು ನೋಡಲು ಕಲಿಯುವಾಗ ನಾನು ಬಹಳ ಕಷ್ಟಪಟ್ಟಿದ್ದೆ. 'ಮಕ್ತಬ್' ಎಂಬ ಪದವನ್ನು ಮೀಮ್ ಅಕ್ಷರದಲ್ಲಿ ಹುಡುಕಿದರೆ ಸಿಗದು. ಅದರ ಮೂಲವಾದ ಕಾಫ್, ತಾ, ಬಾ ಅಕ್ಷರಗಳನ್ನು ಹಿಡಿದು ಹೋಗಬೇಕು. ಕಷ್ಟವಾದರೂ ಅಲ್ಲೊಂದು ಕ್ರಮವಿದೆ, ಕಲಿತ ಮೇಲೆ ಅರ್ಧ ನಿಮಿಷದ ಕೆಲಸ. ಡಿಎನ್‌ಎ ಎಂಬ ಪುಸ್ತಕಕ್ಕೆ ಪರಿವಿಡಿಯಿಲ್ಲ, ಪುಟಸಂಖ್ಯೆಯಿಲ್ಲ. ಓದುವವನಿಗೆ ಕಣ್ಣೂ ಇಲ್ಲ.

ಅಷ್ಟಕ್ಕೂ ಈ ಕ್ಲಿಪ್ಪಿನ ಕೆಲಸವೇನು? ಇಲ್ಲಿ ನಮ್ಮ ಅಡುಗೆ ಮನೆಯ ಹಾಲು ಬರುತ್ತದೆ. ಹಾಲಿನಲ್ಲಿ ಲ್ಯಾಕ್ಟೋಸ್ ಎಂಬ ಸಕ್ಕರೆಯಿದೆ. ಅದನ್ನು ಒಡೆದು ತಿನ್ನಲು ಬ್ಯಾಕ್ಟೀರಿಯಾಕ್ಕೆ ಒಂದು ವಿಶೇಷ ಕಿಣ್ವ ಬೇಕು. ಆದರೆ ಹಾಲಿನ ಸಕ್ಕರೆ ಯಾವಾಗಲೂ ಸಿಗುವುದಿಲ್ಲವಲ್ಲ. ಸಿಗದಿದ್ದಾಗಲೂ ಕಿಣ್ವ ತಯಾರಿಸುತ್ತಾ ಕೂತರೆ ನಷ್ಟ. ನೆಂಟರಿಲ್ಲದ ದಿನ ಯಾರಾದರೂ ಹಂಡೆ ತುಂಬ ಬಿರಿಯಾನಿ ಮಾಡುತ್ತಾರೆಯೇ? ಆದ್ದರಿಂದ ಆ ಕಿಣ್ವದ ಜೀನ್‌ನ ಬಾಗಿಲಿನಲ್ಲಿ ರಿಪ್ರೆಸರ್ ಕೂತು ದಾರಿ ತಡೆಯುತ್ತದೆ. ಲ್ಯಾಕ್ಟೋಸ್ ಬಂದಾಗ ಅದರಿಂದ ಹುಟ್ಟುವ ಇನ್ನೊಂದು ಸಕ್ಕರೆ ರಿಪ್ರೆಸರ್‌ಗೆ ಅಂಟಿಕೊಂಡು ಅದರ ಆಕಾರವನ್ನು ಸ್ವಲ್ಪ ಬದಲಿಸುತ್ತದೆ. ಹಿಡಿತ ಸಡಿಲವಾಗಿ ಅದು ಎದ್ದು ಹೋಗುತ್ತದೆ. ಬಾಗಿಲು ತೆರೆಯುತ್ತದೆ, ಕಿಣ್ವ ತಯಾರಾಗುತ್ತದೆ. ಸಕ್ಕರೆ ಮುಗಿದೊಡನೆ ರಿಪ್ರೆಸರ್ ಮತ್ತೆ ಆ ಬಾಗಿಲನ್ನು ಹುಡುಕಿಕೊಂಡು ಬರಬೇಕು.

ಇದನ್ನು ಬಿಡಿಸಿ ಹೇಳಿದವರು ಪ್ಯಾರಿಸ್‌ನ ಪಾಸ್ಚರ್ ಸಂಸ್ಥೆಯ ಫ್ರಾನ್ಸ್ವಾ ಜಾಕೊಬ್ ಮತ್ತು ಜಾಕ್ ಮೊನೊ. ಜಾಕೊಬ್ ಶಸ್ತ್ರಚಿಕಿತ್ಸಕರಾಗಬೇಕೆಂದಿದ್ದವರು. ಎರಡನೇ ಮಹಾಯುದ್ಧದಲ್ಲಿ, 1944ರಲ್ಲಿ ನಾರ್ಮಂಡಿಯಲ್ಲಿ ತೀವ್ರವಾಗಿ ಗಾಯಗೊಂಡರು. ಆ ಕನಸು ಅಲ್ಲಿಗೇ ಮುಗಿಯಿತು. ಆಮೇಲೆ ಹಿಡಿದದ್ದು ಈ ದಾರಿ. 1961ರಲ್ಲಿ ಇಬ್ಬರೂ ಸೇರಿ ಪ್ರಕಟಿಸಿದ ಲೇಖನಕ್ಕೆ ಇಂದಿಗೂ ಎಲ್ಲ ಪಠ್ಯಪುಸ್ತಕಗಳಲ್ಲಿ ಜಾಗವಿದೆ. 1965ರಲ್ಲಿ ಅವರಿಗೆ, ಜೊತೆಗೆ ಆಂದ್ರೆ ಲ್ವಾಫ್ ಅವರಿಗೆ ನೊಬೆಲ್ ಬಂತು. ಆಗಲೂ ರಿಪ್ರೆಸರನ್ನು ಯಾರೂ ಕೈಯಲ್ಲಿ ಹಿಡಿದಿರಲಿಲ್ಲ. ಒಂದು ಬ್ಯಾಕ್ಟೀರಿಯಾದಲ್ಲಿ ಇರುವುದೇ ಹತ್ತು, ಹಿಡಿಯುವುದು ಹೇಗೆ? 1966ರಲ್ಲಿ ಹಾರ್ವರ್ಡ್‌ನ ವಾಲ್ಟರ್ ಗಿಲ್ಬರ್ಟ್ ಮತ್ತು ಬೆನ್ನೊ ಮ್ಯುಲ್ಲರ್-ಹಿಲ್ ಅದನ್ನು ಬೇರ್ಪಡಿಸಿದರು. ಅದೊಂದು ಪ್ರೋಟೀನ್ ಎಂಬುದು ಖಚಿತವಾಯಿತು.

ಅಕ್ಕನ ಮಗಳ ಪ್ರಶ್ನೆ ನಿಜವಾಗಿ ಏಳುವುದು 1970ರಲ್ಲಿ. ಅಮೆರಿಕದ ಸಾಲ್ಕ್ ಸಂಸ್ಥೆಯಲ್ಲಿ ಆರ್ಥರ್ ರಿಗ್ಸ್, ಸುಜಾನ್ ಬೂರ್ಜ್ವಾ ಎಂಬ ಮಹಿಳಾ ವಿಜ್ಞಾನಿ ಮತ್ತು ಮೆಲ್ವಿನ್ ಕೋನ್ ಒಂದು ಅಳತೆ ಮಾಡಿದರು. ಪ್ರನಾಳದಲ್ಲಿ ಡಿಎನ್‌ಎ ಹಾಕಿ, ರಿಪ್ರೆಸರ್ ಹಾಕಿ, ಅದು ತನ್ನ ಜಾಗವನ್ನು ಎಷ್ಟು ಬೇಗ ಹಿಡಿಯುತ್ತದೆ ಎಂದು ನೋಡಿದರು. ನೀರಿನಲ್ಲಿ ತೇಲುವ ಅಣುಗಳು ಒಂದಕ್ಕೊಂದು ಆಕಸ್ಮಿಕವಾಗಿ ಎದುರಾಗಲು ಇಷ್ಟು ಹೊತ್ತು ಬೇಕು ಎಂಬ ಲೆಕ್ಕ ಮೊದಲೇ ಇತ್ತು. ಅದಕ್ಕಿಂತ ವೇಗವಾಗಿ ಯಾವುದೂ ಹೋಗಲಾರದು ಎಂದು ಭಾವಿಸಲಾಗಿತ್ತು. ಇದು ಆ ಲೆಕ್ಕಕ್ಕಿಂತ ಸುಮಾರು ನೂರು ಪಟ್ಟು ವೇಗವಾಗಿ ಹೋಗಿ ಕೂತಿತ್ತು!

ಯಾರಾದರೂ ದಾರಿ ತೋರಿಸಿದರೇ? ಇಲ್ಲ. ಅಲ್ಲಿದ್ದದ್ದು ನೀರು, ಸ್ವಲ್ಪ ಲವಣ, ಡಿಎನ್‌ಎ ಮತ್ತು ಪ್ರೋಟೀನ್ ಮಾತ್ರ.

ಉತ್ತರದ ಸುಳಿವು ಅದಕ್ಕಿಂತ ಎರಡು ವರ್ಷ ಮೊದಲೇ ಇತ್ತು. ಗೆರೋಲ್ಡ್ ಆಡಮ್ ಮತ್ತು ಮ್ಯಾಕ್ಸ್ ಡೆಲ್‌ಬ್ರುಕ್ ಎಂಬವರು 1968ರಲ್ಲಿ ಹೇಳಿದ್ದ ಮಾತು ಸರಳ: ಹುಡುಕುವ ಜಾಗದ ದಿಕ್ಕುಗಳನ್ನು ಕಡಿಮೆ ಮಾಡಿದರೆ ಹುಡುಕಾಟ ಸುಲಭವಾಗುತ್ತದೆ. ಕಿವಿಯೋಲೆ ಕೆರೆಯಲ್ಲಿ ಬಿದ್ದರೆ ಮೇಲೆ, ಕೆಳಗೆ, ಆಚೆ, ಈಚೆ ಎಲ್ಲ ಕಡೆ ಹುಡುಕಬೇಕು. ಅಂಗಳದಲ್ಲಿ ಬಿದ್ದರೆ ನೆಲದ ಮೇಲೆ ಮಾತ್ರ. ಕಿರಿದಾದ ಓಣಿಯಲ್ಲಿ ಬಿದ್ದರೆ ಹಿಂದೆ ಮುಂದೆ ಎರಡೇ ದಿಕ್ಕು. ರಿಪ್ರೆಸರ್ ಕೂಡ ನೀರಿನಲ್ಲಿ ತೇಲುತ್ತಾ ನೇರವಾಗಿ ತನ್ನ ಜಾಗಕ್ಕೇ ಬಡಿಯಬೇಕಾಗಿಲ್ಲ. ಹಗ್ಗದ ಯಾವ ಭಾಗಕ್ಕಾದರೂ ಅಂಟಿಕೊಂಡು, ಅದರ ಮೇಲೆಯೇ ಜಾರುತ್ತಾ ಹುಡುಕಬಹುದು.

ಅಂಟಿಕೊಳ್ಳುವುದು ಏಕೆ? ಡಿಎನ್‌ಎಯ ಹೊರಮೈ ತುಂಬ ಋಣ ವಿದ್ಯುತ್ತಿನ ಅಂಶವಿದೆ. ರಿಪ್ರೆಸರ್‌ನ ಹಿಡಿಯುವ ಕಡೆಯಲ್ಲಿ ಧನ ಅಂಶ. ಎರಡೂ ಪರಸ್ಪರ ಸೆಳೆಯುತ್ತವೆ. ಇದು ಅಕ್ಷರ ನೋಡಿ ಹುಟ್ಟುವ ಸೆಳೆತವಲ್ಲ, ಯಾವ ಡಿಎನ್‌ಎಯಾದರೂ ಸರಿ. ಉಪ್ಪಿನಂಶ ಹೆಚ್ಚಾದಂತೆ ಈ ಅಂಟು ಸಡಿಲವಾಗುತ್ತದೆ. 1970ರ ಪ್ರಯೋಗದಲ್ಲಿ ಉಪ್ಪು ತೀರ ಕಡಿಮೆಯಿತ್ತು. ಅಷ್ಟೊಂದು ವೇಗ ಕಂಡದ್ದಕ್ಕೆ ಅದೂ ಒಂದು ಕಾರಣ.

ಹಾಗಾದರೆ ಅಂಟಿಕೊಂಡು ಜಾರುತ್ತಲೇ ಇದ್ದರೆ ಸಾಕಲ್ಲವೇ? ನಾನು ಹಾಗೆಯೇ ಅಂದುಕೊಂಡಿದ್ದೆ. ಅಕ್ಕನ ಮಗಳು ಕಾಗದ ಪೆನ್ಸಿಲ್ ಹಿಡಿದು ನನ್ನ ತಪ್ಪು ತಿದ್ದಿದಳು. ಈ ಜಾರುವಿಕೆಗೆ ಗುರಿಯಿಲ್ಲ, ಇಂಧನವೂ ಇಲ್ಲ. ಸುತ್ತಲಿನ ನೀರಿನ ಅಣುಗಳು ತಳ್ಳಿದತ್ತ ಹೋಗುವುದು. ಒಂದು ಹೆಜ್ಜೆ ಮುಂದೆ, ಎರಡು ಹೆಜ್ಜೆ ಹಿಂದೆ. ಹೀಗೆ ಗುರಿಯಿಲ್ಲದೆ ಅಲೆಯುವವನು ಹತ್ತು ಹೆಜ್ಜೆ ದೂರ ತಲುಪಲು ಸುಮಾರು ನೂರು ಹೆಜ್ಜೆ ಇಡಬೇಕು. ನೂರು ಹೆಜ್ಜೆ ದೂರಕ್ಕೆ ಹತ್ತು ಸಾವಿರ. ದೂರ ಎಷ್ಟೋ ಅದರ ವರ್ಗದಷ್ಟು. 46 ಲಕ್ಷ ಅಕ್ಷರ ದಾಟಲು ಬೇಕಾಗುವ ಹೆಜ್ಜೆ ಸುಮಾರು 21 ಲಕ್ಷ ಕೋಟಿ! ಅಷ್ಟರಲ್ಲಿ ಬ್ಯಾಕ್ಟೀರಿಯಾದ ಎಷ್ಟೋ ತಲೆಮಾರು ಕಳೆದಿರುತ್ತದೆ. ಅನುಕೂಲ ಸಿಕ್ಕಿದರೆ ಅದು ಇಪ್ಪತ್ತೇ ನಿಮಿಷಕ್ಕೆ ಒಮ್ಮೆ ಇಬ್ಭಾಗವಾಗುವ ಜೀವಿ.

ಆದ್ದರಿಂದ ದಾರಿ ಎರಡೂ ಸೇರಿದ್ದು. ಸ್ವಲ್ಪ ಜಾರು, ಬಿಡು, ತೇಲು, ಹಗ್ಗದ ಇನ್ನೊಂದು ಭಾಗ ಹಿಡಿ, ಮತ್ತೆ ಜಾರು. ಹಗ್ಗ ಗೋಜಲಾಗಿರುವುದು ಇಲ್ಲಿ ಅನುಕೂಲವೇ. ಕೈ ಬಿಟ್ಟರೆ ಪಕ್ಕದಲ್ಲೇ ಇನ್ನೊಂದು ಎಳೆ ಸಿಗುತ್ತದೆ, ಆ ಎಳೆ ಅಕ್ಷರಗಳ ಲೆಕ್ಕದಲ್ಲಿ ಲಕ್ಷಗಟ್ಟಲೆ ದೂರದ್ದಿರಬಹುದು. ಒಟ್ಟೊ ಬರ್ಗ್, ರಾಬರ್ಟ್ ವಿಂಟರ್ ಮತ್ತು ಪೀಟರ್ ವಾನ್ ಹಿಪೆಲ್ 1981ರಲ್ಲಿ ಇದನ್ನೆಲ್ಲ ಲೆಕ್ಕ ಹಾಕಿ ಸಿದ್ಧಾಂತವಾಗಿ ಬರೆದರು.

ಲೆಕ್ಕವೇನೋ ಆಯಿತು. ಜೀವಂತ ಬ್ಯಾಕ್ಟೀರಿಯಾದೊಳಗೆ ಹೀಗೆಯೇ ನಡೆಯುತ್ತದೆಂದು ನೋಡಿದವರು ಯಾರು? ಅದಕ್ಕೆ 26 ವರ್ಷ ಕಾಯಬೇಕಾಯಿತು. 2007ರಲ್ಲಿ ಯೊಹಾನ್ ಎಲ್ಫ್, ಜೀನ್-ವೇ ಲಿ ಮತ್ತು ಸನ್ನಿ ಶೀ ಎಂಬವರು ರಿಪ್ರೆಸರ್‌ಗೆ ಹಳದಿ ಬೆಳಕು ಸೂಸುವ ಇನ್ನೊಂದು ಪ್ರೋಟೀನನ್ನು ಬಾಲದಂತೆ ಜೋಡಿಸಿದರು. ಒಂದೇ ಒಂದು ಅಣುವಿನ ಬೆಳಕನ್ನು ಸೂಕ್ಷ್ಮದರ್ಶಕದಲ್ಲಿ ಹಿಡಿದರು. ಇಲ್ಲೊಂದು ಜಾಣತನವಿದೆ. ಫೋಟೋ ತೆಗೆಯುವಾಗ ಮಕ್ಕಳು ಅಲುಗಾಡಿದರೆ ಚಿತ್ರ ಕಲಸಿಹೋಗುತ್ತದೆ ತಾನೇ? ಹಾಗೆಯೇ ಓಡಾಡುವ ರಿಪ್ರೆಸರ್‌ನ ಬೆಳಕು ಹರಡಿ ಮಸುಕಾಗುತ್ತದೆ, ತನ್ನ ಜಾಗದಲ್ಲಿ ಗಟ್ಟಿಯಾಗಿ ಕೂತದ್ದು ಮಾತ್ರ ಚುಕ್ಕಿಯಾಗಿ ಕಾಣುತ್ತದೆ. ಹುಡುಕುವ ಹೊತ್ತಿನ ಸುಮಾರು ಶೇಕಡಾ 90 ಭಾಗವನ್ನು ಅದು ಡಿಎನ್‌ಎಗೆ ಅಂಟಿಕೊಂಡೇ ಕಳೆಯುತ್ತದೆ ಎಂದು ಅವರು ಕಂಡರು. ಆದರೆ ಒಂದು ಕಡೆ ನಿಲ್ಲುವುದು ಸೆಕೆಂಡಿನ ಇನ್ನೂರನೆಯ ಒಂದು ಪಾಲಿಗಿಂತಲೂ ಕಡಿಮೆ ಹೊತ್ತು. ಹೀಗೆ ಹಿಡಿದು ಬಿಟ್ಟು, ಹಿಡಿದು ಬಿಟ್ಟು, ಒಂಟಿ ರಿಪ್ರೆಸರ್ ತನ್ನ ಜಾಗ ತಲುಪಲು ಕೆಲವು ನಿಮಿಷ ಬೇಕು. ಹತ್ತು ಇರುವುದರಿಂದ ಯಾವುದಾದರೊಂದು ಬೇಗನೆ ತಲುಪುತ್ತದೆ.

ಒಂದು ಸಲಕ್ಕೆ ಜಾರುವುದು ಎಷ್ಟು ದೂರ? ಸ್ವೀಡನ್ನಿನ ಉಪ್ಸಾಲದಲ್ಲಿ ಪೆಟ್ಟರ್ ಹಮ್ಮರ್, ಎಲ್ಫ್ ಮತ್ತು ಸಂಗಡಿಗರು 2012ರಲ್ಲಿ ಅದನ್ನೂ ಅಳೆದರು. ಸುಮಾರು 45 ಅಕ್ಷರ ಜೋಡಿ. ನಮ್ಮ ಕೋಣೆಯ ಲೆಕ್ಕದಲ್ಲಿ, ಮೂರು ಕಿಲೋಮೀಟರ್ ಹಗ್ಗದಲ್ಲಿ ಮೂರು ಸೆಂಟಿಮೀಟರ್! ನಾವಿಬ್ಬರೂ ಇದನ್ನು ಓದಿ ಮುಖ ಮುಖ ನೋಡಿಕೊಂಡೆವು. ಇಷ್ಟು ಕಡಿಮೆಯೇ? ಆದರೂ ಲಾಭವಿದೆ. ಜಾರದೇ ಹೋಗಿದ್ದರೆ ಸರಿಯಾದ ಅಕ್ಷರದ ಮೇಲೆಯೇ ಬೀಳಬೇಕಿತ್ತು. ಈಗ ಅದರ ಆಸುಪಾಸಿನಲ್ಲಿ ಎಲ್ಲಿ ಬಿದ್ದರೂ ಸಾಕು. ಗುರಿ ಅಷ್ಟು ಪಟ್ಟು ಅಗಲವಾದಂತೆ. ಪಕ್ಕದಲ್ಲಿ ಬೇರೊಂದು ಪ್ರೋಟೀನ್ ಅಡ್ಡ ಕೂತಿದ್ದರೆ ಜಾರುವುದಕ್ಕೆ ತಡೆಯಾಗುತ್ತದೆ ಎಂಬುದನ್ನೂ ಅವರು ತೋರಿಸಿದರು.

ಅದೇ ಪ್ರಯೋಗದಲ್ಲಿ ಹೊರಬಂದ ಇನ್ನೊಂದು ಸಂಗತಿ ನನಗೆ ಬಹಳ ಹಿಡಿಸಿತು. ರಿಪ್ರೆಸರ್ ತನ್ನ ಜಾಗಕ್ಕೆ ಬಂದೊಡನೆ ಕೂರುವುದಿಲ್ಲ. ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಸಲ ಅದು ಸರಿಯಾದ ಜಾಗದ ಮೇಲೆಯೇ ಹಲವು ಬಾರಿ ಜಾರಿ ಹೋಗುತ್ತದೆ, ಆಮೇಲೆ ಹಿಡಿಯುತ್ತದೆ. ಅಕ್ಕಿ ಆರಿಸುವಾಗ ನೀವು ನೋಡಿದ್ದೀರಲ್ಲ, ಗೆರಸೆಯಲ್ಲಿ ಕಲ್ಲು ಎದುರಿಗೇ ಇದ್ದರೂ ಬೆರಳು ಅದನ್ನು ದಾಟಿ ಹೋಗಿರುತ್ತದೆ, ಮರಳಿ ಬರುವಾಗ ಸಿಗುತ್ತದೆ. ಒಂದೊಂದು ಕಾಳನ್ನೂ ಎತ್ತಿ ನೋಡುತ್ತಾ ಕೂತರೆ ಕಲ್ಲು ತಪ್ಪುವುದಿಲ್ಲ ನಿಜ, ಆದರೆ ಮಧ್ಯಾಹ್ನದ ಅನ್ನ ರಾತ್ರಿಗಾಗುತ್ತದೆ. ರಿಪ್ರೆಸರ್‌ನ ಪಾಡೂ ಅದೇ. ಪ್ರತಿ ಅಕ್ಷರವನ್ನೂ ಬಿಗಿಯಾಗಿ ಹಿಡಿದು ಪರೀಕ್ಷಿಸಿದರೆ ಮುಂದೆ ಸಾಗುವುದಿಲ್ಲ. ಸಡಿಲವಾಗಿ ಹಿಡಿದರೆ ವೇಗ ಬರುತ್ತದೆ, ಆದರೆ ಗುರಿ ತಪ್ಪುತ್ತದೆ. 2020ರಲ್ಲಿ ಉಪ್ಸಾಲದವರೇ ಇನ್ನಷ್ಟು ಸೂಕ್ಷ್ಮವಾಗಿ ನೋಡಿದಾಗ, ಜಾರುವಾಗ ಅದು ತಿರುಪಿನಂತೆ ಡಿಎನ್‌ಎಯ ಸುತ್ತ ತಿರುಗುತ್ತದೆ, ಆದರೆ ಮಧ್ಯೆ ಮಧ್ಯೆ ಒಂದೆರಡು ಸುತ್ತುಗಳನ್ನು ಹಾರಿಬಿಡುತ್ತದೆ ಎಂದು ಕಂಡುಬಂತು. ಹಾರಿದ ಜಾಗದಲ್ಲೇ ಗುರಿಯಿದ್ದರೆ ಅದು ತಪ್ಪಿಯೇ ಹೋಗುತ್ತದೆ.

ಓದುವುದು ಹೇಗೆ ಎಂಬ ಪ್ರಶ್ನೆ ಉಳಿದಿದೆ. ಡಿಎನ್‌ಎಯ ಎರಡು ಎಳೆಗಳನ್ನು ಬಿಡಿಸದೆಯೇ, ಹೊರಗಿನ ತೋಡುಗಳಲ್ಲಿ ತಡವಿ ಅದು ಅಕ್ಷರಗಳನ್ನು ಗುರುತಿಸುತ್ತದೆ. ಕುರುಡರು ಬ್ರೈಲ್ ಲಿಪಿ ಓದುವಂತೆ ಅನ್ನಬಹುದು. ಜೊತೆಗೆ ರಿಪ್ರೆಸರ್‌ಗೆ ಎರಡು ಭಂಗಿಗಳಿವೆ. ಜಾರುವಾಗ ಅದರ ಒಂದು ಭಾಗ ಸಡಿಲ ನೂಲಿನಂತೆ ಇರುತ್ತದೆ. ಸರಿಯಾದ ಅಕ್ಷರಗಳು ಸಿಕ್ಕಾಗ ಆ ಭಾಗ ಗಟ್ಟಿಯಾಗಿ, ತೋಡಿನೊಳಗೆ ನುಗ್ಗಿ, ಡಿಎನ್‌ಎಯನ್ನೇ ಬಗ್ಗಿಸಿ ಕಚ್ಚಿಕೊಳ್ಳುತ್ತದೆ. ಅದಕ್ಕೆ ಡಿಎನ್‌ಎ ಹಿಡಿಯುವ ಕೈಗಳು ಎರಡು ಜೊತೆ. ಮುಖ್ಯ ಜಾಗದ ಆಚೀಚೆ ಹತ್ತಿರದಲ್ಲೇ ಅಂಥದೇ ಇನ್ನೆರಡು ಜಾಗಗಳಿವೆ. ಒಂದು ಜೊತೆ ಕೈ ಬಿಟ್ಟರೂ ಇನ್ನೊಂದು ಜೊತೆ ಪಕ್ಕದ ಜಾಗ ಹಿಡಿದಿದ್ದರೆ ದೂರ ಹೋಗುವುದು ತಪ್ಪುತ್ತದೆ.

ಎಳೆ ಬಿಡಿಸಿ ಓದುವುದು ಎಷ್ಟು ತ್ರಾಸದ ಕೆಲಸ ಎಂಬುದಕ್ಕೆ ಕ್ಯಾಸ್-9 ಎಂಬ ಪ್ರೋಟೀನ್ ಸಾಕ್ಷಿ. ವೈರಸ್‌ಗಳ ಡಿಎನ್‌ಎಯನ್ನು ಗುರುತಿಸಿ ಕತ್ತರಿಸಲು ಬ್ಯಾಕ್ಟೀರಿಯಾಗಳು ಬಳಸುವ ಕತ್ತರಿ ಇದು. ಇದರಿಂದ ಜೀನ್ ತಿದ್ದುವ ವಿದ್ಯೆ ರೂಪಿಸಿದ್ದಕ್ಕಾಗಿ 2020ರ ರಸಾಯನಶಾಸ್ತ್ರದ ನೊಬೆಲ್ ಇಬ್ಬರು ಮಹಿಳೆಯರಿಗೆ ಬಂತು, ಇಮ್ಯಾನುಯೆಲ್ ಶಾರ್ಪೆಂಟಿಯೆ ಮತ್ತು ಜೆನಿಫರ್ ಡೌಡ್ನಾ. ಕ್ಯಾಸ್-9 ಹೋದಲ್ಲೆಲ್ಲ ಎಳೆಗಳನ್ನು ಬಿಡಿಸಿ, ತನ್ನ ಬಳಿಯಿರುವ ಪ್ರತಿಗೆ ಹೋಲಿಸಿ ನೋಡಬೇಕು. ಇ. ಕೋಲೈ ಒಳಗೆ ಒಂಟಿ ಕ್ಯಾಸ್-9 ತನ್ನ ಗುರಿ ತಲುಪಲು ಸುಮಾರು ಆರು ಗಂಟೆ ಹಿಡಿಯುತ್ತದೆಂದು 2017ರಲ್ಲಿ ಎಲ್ಫ್ ಅವರ ತಂಡವೇ ಅಳೆಯಿತು. ಒಂದಕ್ಕೆ ನಿಮಿಷಗಳು, ಇನ್ನೊಂದಕ್ಕೆ ಗಂಟೆಗಳು.

ಇಷ್ಟು ಹೊತ್ತಿಗೆ ಅಕ್ಕ ಬಾಗಿಲಲ್ಲಿ ನಿಂತು ಕೇಳುತ್ತಿದ್ದರು. "ಇದೆಲ್ಲ ಇರಲಿ, ನನ್ನ ರಿಪೋರ್ಟಿನ 'ಆರ್' ಏಕೆ ಬಂತು, ಅದನ್ನು ಹೇಳು" ಎಂದರು. ನ್ಯಾಯವಾದ ಮಾತು.

ಆಶ್ಚರ್ಯವೆಂದರೆ ಅದರ ಉತ್ತರದಲ್ಲೂ ಇಂಥದ್ದೇ ಕ್ಲಿಪ್ಪು ಇದೆ. ಟೆಟ್ರಾಸೈಕ್ಲಿನ್‌ಗೆ ಬಗ್ಗದ ಬ್ಯಾಕ್ಟೀರಿಯಾಗಳಲ್ಲಿ ಸಾಮಾನ್ಯವಾಗಿ ಕಾಣುವ ಒಂದು ಏರ್ಪಾಡು ಹೀಗಿದೆ. ಔಷಧಿಯನ್ನು ಒಳಗಿಂದ ಹೊರಕ್ಕೆ ಎತ್ತಿ ಎಸೆಯುವ ಒಂದು ಪಂಪು. ಆ ಪಂಪಿನ ಜೀನ್‌ನ ಬಾಗಿಲಲ್ಲಿ 'ಟೆಟ್-ಆರ್' ಎಂಬ ರಿಪ್ರೆಸರ್. ಪಂಪು ಅತಿಯಾದರೆ ಬ್ಯಾಕ್ಟೀರಿಯಾಕ್ಕೇ ಹಾನಿ, ಆದ್ದರಿಂದ ಸುಮ್ಮನಿರುವಾಗ ಬಾಗಿಲು ಮುಚ್ಚಿರುತ್ತದೆ. ಔಷಧಿಯ ಕೆಲವೇ ಅಣುಗಳು ಒಳಬಂದರೆ ಸಾಕು, ಅವು ಟೆಟ್-ಆರ್‌ಗೆ ಅಂಟುತ್ತವೆ. ಅದು ಬಾಗಿಲು ಬಿಟ್ಟು ಏಳುತ್ತದೆ, ಪಂಪು ತಯಾರಾಗುತ್ತದೆ. ಔಷಧಿ ತನ್ನ ಕೆಲಸ ಮಾಡುವಷ್ಟು ಪ್ರಮಾಣ ತುಂಬುವ ಮೊದಲೇ ಹೊರಗೆ! ಔಷಧಿ ನಿಂತ ಮೇಲೆ ಟೆಟ್-ಆರ್ ಮತ್ತೆ ತನ್ನ ಜಾಗಕ್ಕೆ ಮರಳಿ ಬಾಗಿಲು ಹಾಕುತ್ತದೆ. ಹಾಲಿನ ಸಕ್ಕರೆಗೆ ಇದ್ದ ಅದೇ ಉಪಾಯ.

"ಅಂದರೆ ನಾನು ಮಾತ್ರೆ ನುಂಗಿದ್ದರಿಂದ ಅದಕ್ಕೆ ಈ ವಿದ್ಯೆ ಬಂತೇ?" ಎಂದು ಅಕ್ಕ ಕೇಳಿದರು. ಪೂರ್ತಿ ಹಾಗಲ್ಲ. 'ದೇಹಕ್ಕೆ ಮಾತ್ರೆ ರೂಢಿಯಾಗಿಬಿಟ್ಟಿದೆ' ಎಂದು ನಾವು ಹೇಳುವುದುಂಟು, ಅದು ತಪ್ಪು. ರೂಢಿಯಾಗುವುದು ದೇಹಕ್ಕಲ್ಲ. ಕರುಳಿನ ಕೋಟಿಗಟ್ಟಲೆ ಬ್ಯಾಕ್ಟೀರಿಯಾಗಳಲ್ಲಿ ಕೆಲವು ಇಂತಹ ಜೀನನ್ನು ಮೊದಲೇ ಇಟ್ಟುಕೊಂಡಿರುತ್ತವೆ. ನಾವು ಬೇಡದಿದ್ದರೂ ಮಾತ್ರೆ ನುಂಗಿದಾಗ ಉಳಿದವು ಸಾಯುತ್ತವೆ, ಇವು ಮಾತ್ರ ಉಳಿದು ಸಂಸಾರ ಬೆಳೆಸುತ್ತವೆ. ಈ ಜೀನ್‌ಗಳು ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ ಕೈಬದಲಾಗುವುದೂ ಉಂಟು. ಮುಂದೆ ನಿಜವಾಗಿ ಔಷಧಿ ಬೇಕಾದ ದಿನ ಅದು ಕೆಲಸ ಮಾಡುವುದಿಲ್ಲ. ಡಾಕ್ಟರಮ್ಮ ಕಲ್ಚರ್ ಮಾಡಿಸಿದ್ದು ಇದೇ ಕಾರಣಕ್ಕೆ. ಯಾವುದಕ್ಕೆ 'ಎಸ್' ಇದೆಯೋ ಅದನ್ನು ಬರೆದುಕೊಟ್ಟರು, ಎಷ್ಟು ದಿನ ಎಂದೂ ಹೇಳಿದರು.

ಅಕ್ಕ ಅಷ್ಟೂ ದಿನ ತಪ್ಪದೆ ತೆಗೆದುಕೊಂಡರು. ಡಬ್ಬದಲ್ಲಿ ಉಳಿದಿದ್ದ ಹಳೆಯ ಮಾತ್ರೆಗಳನ್ನು ಪಕ್ಕದ ಮನೆಯ ಸೊಸೆಗೆ ಕೊಡಬೇಕೆಂದಿದ್ದರಂತೆ. ಅವಳಿಗೂ ಉರಿಯಂತೆ. ಈಗ ಅವಳನ್ನು ಡಾಕ್ಟರ ಬಳಿ ಕರೆದುಕೊಂಡು ಹೋಗುತ್ತೇನೆ ಎಂದರು.

ಅವರು ಊರಿಗೆ ಹೊರಡುವ ದಿನ ಬೆಳಿಗ್ಗೆ ಅಂಗಳದಲ್ಲಿ ಬಟ್ಟೆ ಒಣಹಾಕುತ್ತಿದ್ದೆವು. ಅಕ್ಕನ ಮಗಳು ಒಂದು ಕ್ಲಿಪ್ಪನ್ನು ಹಗ್ಗದ ಮೇಲೆ ಹಿಂದೆ ಮುಂದೆ ಜಾರಿಸುತ್ತಾ ನಿಂತಿದ್ದಳು.

"ಖಾಲಾ, ಬ್ಯಾಕ್ಟೀರಿಯಾಕ್ಕೆ 46 ಲಕ್ಷ ಅಕ್ಷರ. ನಮ್ಮ ಒಂದು ಜೀವಕೋಶದಲ್ಲಿ ಒಂದು ಪ್ರತಿಗೇ 300 ಕೋಟಿಗೂ ಹೆಚ್ಚು. ಅಲ್ಲಿ ಹುಡುಕುವುದು ಹೇಗೆ?"

"ಮೊದಲು ಆ ಕ್ಲಿಪ್ಪು ಕೊಡು, ದುಪಟ್ಟಾ ಹಾರಿ ಹೋಗುತ್ತದೆ" ಎಂದೆ.